ಕೌದಿ ಬಣ್ಣ ಬಿಟ್ಟರೆ ಹೊಲಿದವಳನ್ನು ದೂರಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಹಾನವಮಿಯ ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ, ಹೊದಿಕೆ, ಕೌದಿಗಳನ್ನೆಲ್ಲ ಒಗೆದು ಒಣಗಿಸುವ ರೂಢಿ ನಮ್ಮ ಬಾಗಲಕೋಟೆಯ ಭಾಗದಲ್ಲಿ ಇನ್ನೂ ಉಳಿದಿದೆ. ಈ ವರ್ಷ ಆ ಒಗೆತದಲ್ಲಿ ನಮ್ಮ ಮನೆಯ ಹೊಸ ಕೌದಿಯೊಂದು ಬಣ್ಣ ಬಿಟ್ಟು ಹಾಳಾಗುವ ಹಂತಕ್ಕೆ ಹೋಗಿತ್ತು. ಇದೇ ತೊಂದರೆಯನ್ನು ನಮ್ಮ ಓಣಿಯಲ್ಲಿಯೇ ಇನ್ನೂ ಇಬ್ಬರು ಹೇಳಿಕೊಂಡದ್ದರಿಂದಲೂ, ಇಬ್ಬರೂ ಕೌದಿ ಹೊಲಿದ ಹೆಣ್ಣುಮಗಳನ್ನೇ ದೂರಿದ್ದರಿಂದಲೂ ಈ ಪತ್ರ ಬರೆಯಬೇಕೆನಿಸಿತು.

ಮಗಳ ಬಾಣಂತನಕ್ಕೆಂದು ಹೊಲಿಸಿದ ಕೌದಿ ಅದು. ತೀರಿಹೋದ ನನ್ನ ತಂದೆಯವರ ಎರಡು ಬಿಳಿ ಧೋತರಗಳನ್ನು ಚೌಕಗಳಾಗಿ ಕತ್ತರಿಸಿ, ಅವುಗಳ ನಡುವೆ ಎದ್ದು ಕಾಣಲೆಂದು ಪೇಟೆಯಿಂದ ಹೊಸ ಕೆಂಪು ನೂಲಿನ ಬಟ್ಟೆ ತಂದು ಕೊಟ್ಟವಳು ನಾನೇ. ಎರಡು ವಾರ ಕುಳಿತು, ಬೆರಳಿನ ಅಗಲಕ್ಕೆ ನಾಲ್ಕು ಟಾಕಿ ಬೀಳುವಂತೆ, ಒಂದು ಸಾಲೂ ಸೊಟ್ಟಾಗದಂತೆ ನಮ್ಮ ಕೌದಿ ಹೊಲಿಯುವ ಹೆಣ್ಣುಮಗಳು ಹೊಲಿದು ಕೊಟ್ಟಿದ್ದಳು. ಮೊದಲ ಸಲ ವಾಷಿಂಗ್ ಮಷಿನ್‌ಗೆ ಹಾಕಿ, ಮಾಳಿಗೆಯ ಮೇಲೆ ಹರವಿ, ಅರ್ಧ ತಾಸಿನ ನಂತರ ಹೋಗಿ ನೋಡಿದರೆ ಧೋತರದ ಬಿಳಿ ಚೌಕಗಳೆಲ್ಲ ಅಂಚಿನಿಂದ ಒಳಮುಖವಾಗಿ ಗುಲಾಬಿಯಾಗಿದ್ದವು. ಮಷಿನ್‌ನಲ್ಲಿ ಮಡಿಕೆ ಬಿದ್ದ ಕಡೆ ಕುಂಕುಮದ ಗೆರೆ ಎಳೆದಂತೆ ಕಲೆ ಮೂಡಿತ್ತು. ಆಕೆಯನ್ನು ಕರೆಸಿ ನಾನೂ ಒಂದು ಬಿರುಸು ಮಾತು ಆಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಆಕೆ ಕೌದಿಯ ಮೂಲೆ ಹಿಡಿದು ನೋಡಿ, "ಅಕ್ಕೋರ, ಬಟ್ಟಿ ನೀವ ಕೊಟ್ಟೀರಿ. ಹಳೀ ಸೀರಿ ಕೊಟ್ಟಿದ್ರ ಹಿಂಗ ಆಗತಿದ್ದಿಲ್ಲ" ಎಂದಳು. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳಿಗೆ ಅದು ಮೊದಲೇ ಹೊಳೆಯಬೇಕಿತ್ತು.

ನಮ್ಮ ಹಿರಿಯರ ಕೌದಿಗಳು ಬಣ್ಣ ಬಿಡುತ್ತಿರಲಿಲ್ಲವೆಂದರೆ ಆಗಿನ ಬಣ್ಣಗಳೆಲ್ಲ ಪಕ್ಕಾ ಇದ್ದವೆಂದು ಅರ್ಥವಲ್ಲ. ಆಗ ಕೌದಿಗೆ ಬೀಳುತ್ತಿದ್ದುದು ಹತ್ತಾರು ವರ್ಷ ಉಟ್ಟು, ನೂರಾರು ಸಲ ಒಗೆದು, ಬಿಡಬೇಕಾದ ಬಣ್ಣವನ್ನೆಲ್ಲ ಎಂದೋ ಬಿಟ್ಟು ಮುಗಿಸಿದ ಸೀರೆ, ಕುಬಸ, ಧೋತರಗಳು. ಜೊತೆಗೆ ಕೌದಿಯನ್ನು ಒಯ್ದು ತುಳಿದು ಒಗೆಯುತ್ತಿದ್ದುದು ಹೊಳೆಯಲ್ಲಿ. ಬಿಟ್ಟ ಬಣ್ಣ ಹರಿಯುವ ನೀರಿನೊಂದಿಗೆ ಹೋಗಿಬಿಡುತ್ತಿತ್ತು. ಈಗ ಟೇಲರ್ ಅಂಗಡಿಯ ತುಂಡುಗಳೂ ಪೇಟೆಯ ಹೊಸ ಬಟ್ಟೆಯೂ ಒಮ್ಮೆಯೂ ನೀರು ಕಾಣದೆ ನೇರವಾಗಿ ಕೌದಿಗೆ ಸೇರುತ್ತಿವೆ, ಮತ್ತು ಅದನ್ನು ಒಗೆಯುವುದು ಒಂದು ಬಕೆಟ್ ಅಥವಾ ಮಷಿನ್‌ನ ನಿಂತ ನೀರಿನಲ್ಲಿ. ಕೆಂಪು ಬಟ್ಟೆ ಬಿಟ್ಟ ಬಣ್ಣಕ್ಕೆ ಅಲ್ಲಿ ಪಕ್ಕದ ಬಿಳಿ ಬಟ್ಟೆಯ ಹೊರತು ಹೋಗಲು ಬೇರೆ ದಾರಿಯೇ ಇರುವುದಿಲ್ಲ.

ಬಣ್ಣ ಏಕೆ ಬಿಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತಿಗೆ ನೇರವಾಗಿ ಹತ್ತುವ ಕೃತಕ ಬಣ್ಣಗಳು 1884ರ ಸುಮಾರಿಗೆ ಜರ್ಮನಿಯಲ್ಲಿ ತಯಾರಾದ ಕೆಂಪು ಬಣ್ಣ ಕಾಂಗೋ ರೆಡ್‌ನಿಂದ ಬಳಕೆಗೆ ಬಂದವು. ಇವು ಅಗ್ಗ, ಹಾಕುವುದೂ ಸುಲಭ. ಆದರೆ ನೂಲಿಗೆ ಅಂಟಿಕೊಂಡಿರುತ್ತವೆಯೇ ಹೊರತು ಅದರೊಂದಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ, ಆದ್ದರಿಂದ ಪ್ರತಿ ಒಗೆತಕ್ಕೂ ಅಷ್ಟಿಷ್ಟು ಬಿಡುತ್ತಲೇ ಇರುತ್ತವೆ. ಪೇಟೆಯವರು ಕಚ್ಚಾ ಬಣ್ಣವೆನ್ನುವುದು ಹೆಚ್ಚಾಗಿ ಇವುಗಳನ್ನೇ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಆ್ಯಕ್ಟಿವ್ ಬಣ್ಣಗಳ ರೀತಿ ಬೇರೆ. ಅವು ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತವೆ. ಆದರೆ ಬಾನಿಗೆ, ಅಂದರೆ ನೂಲನ್ನು ಅದ್ದುವ ಬಣ್ಣದ ತೊಟ್ಟಿಗೆ, ಹಾಕಿದ ಅಷ್ಟೂ ಬಣ್ಣ ನೂಲಿನೊಂದಿಗೆ ಕೂಡುವುದಿಲ್ಲ. ಒಂದು ಪಾಲು ನೀರಿನೊಂದಿಗೇ ಕೂಡಿ ನಿರುಪಯೋಗಿಯಾಗಿ, ಬಟ್ಟೆಯೊಳಗೆ ಸುಮ್ಮನೆ ಕುಳಿತುಕೊಳ್ಳುತ್ತದೆ. ಅದನ್ನು ತೆಗೆಯಬೇಕೆಂದರೆ ಬಣ್ಣ ಹಾಕಿದ ಮೇಲೆ ಕುದಿಯುವ ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆ ತೊಳೆತಕ್ಕೆ ನೀರು ಬೇಕು, ಉರುವಲು ಬೇಕು, ಹೊತ್ತು ಬೇಕು. ಎಲ್ಲಿ ಅದನ್ನು ಅರ್ಧಕ್ಕೆ ಬಿಟ್ಟಿರುತ್ತಾರೋ ಅಲ್ಲಿಯ ಬಟ್ಟೆ ಪಕ್ಕಾ ಬಣ್ಣದ್ದಾದರೂ ಮೊದಲ ಕೆಲವು ಒಗೆತಗಳಲ್ಲಿ ಬಣ್ಣ ಬಿಡುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂಥ ನೇಕಾರಿಕೆಯ ಊರುಗಳಿರುವ ಜಿಲ್ಲೆಯಲ್ಲಿ ಕುಳಿತು ಇದನ್ನು ಬರೆಯುವುದು ಅಧಿಕಪ್ರಸಂಗವೆನಿಸಬಹುದು; ನೂಲಿಗೆ ಬಣ್ಣ ಹಾಕುವವರಿಗೆ ಇದೆಲ್ಲ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಬಟ್ಟೆ ಕೊಳ್ಳುವ ನಮಗೆ ಅದು ಗೊತ್ತಿರುವುದಿಲ್ಲ.

ಕಲೆ ಕಂಡ ಕೂಡಲೇ ನೆರೆಹೊರೆಯವರು ಹೇಳಿದ ಮೊದಲ ಮದ್ದು ಉಪ್ಪಿನ ನೀರು, ಎರಡನೆಯದು ವಿನೆಗರ್. ಎರಡನ್ನೂ ನಾನು ಮಾಡಲಿಲ್ಲ. ಬಣ್ಣದ ಬಾನಿಗೆ ಉಪ್ಪು ಹಾಕುವುದು ನಿಜ, ಆದರೆ ಅಲ್ಲಿ ಅದರ ಕೆಲಸ ನೀರಿನಲ್ಲಿರುವ ಬಣ್ಣವನ್ನು ಬಟ್ಟೆಯ ಕಡೆಗೆ ತಳ್ಳುವುದು, ಬಣ್ಣಕ್ಕೆ ಬೀಗ ಹಾಕುವುದಲ್ಲ. ಒಗೆಯುವಾಗ ಉಪ್ಪು ಹಾಕಿದರೆ ನೀರು ತಿಳಿಯಾಗಿ ಕಂಡು ಬಣ್ಣ ನಿಂತಿತೆಂದು ನಾವು ಭ್ರಮಿಸುತ್ತೇವೆ. ಮುಂದಿನ ಸಲ ಉಪ್ಪಿಲ್ಲದ ನೀರಿಗೆ ಬಿದ್ದಾಗ ಅದೇ ಬಣ್ಣ ಮತ್ತೆ ಹೊರಬರುತ್ತದೆ. ವಿನೆಗರ್‌ನ ಹುಳಿ ರೇಷ್ಮೆ, ಉಣ್ಣೆಗಳ ಬಣ್ಣಕ್ಕೆ ಒದಗೀತು, ಹತ್ತಿಗೆ ಅದರಿಂದ ಪ್ರಯೋಜನವಿಲ್ಲ. ಬ್ಲೀಚಿಂಗ್ ಪುಡಿಯಂತೂ ಕಲೆಯ ಜೊತೆಗೆ ಕೌದಿಯ ಮೂಲ ಬಣ್ಣವನ್ನೂ ತಿನ್ನಬಲ್ಲದು, ರೇಷ್ಮೆಯ ತುಂಡಿದ್ದರೆ ಅದನ್ನೇ ತಿಂದುಬಿಡುತ್ತದೆ.

ಕೆಲಸಕ್ಕೆ ಬಂದದ್ದು ಬಿಸಿನೀರು, ಸೋಪು ಮತ್ತು ತಾಳ್ಮೆ. ಇದರಲ್ಲಿ ಮುಖ್ಯವಾದ ಮಾತು, ಬಣ್ಣ ಹತ್ತಿದ ಕೌದಿಯನ್ನು ಪೂರ್ತಿ ಒಣಗಲು ಬಿಡಬಾರದು, ಇಸ್ತ್ರಿಯನ್ನಂತೂ ಮುಟ್ಟಿಸಲೇಬಾರದು; ಒಣಗಿದಷ್ಟೂ ಇಸ್ತ್ರಿಯ ಬಿಸಿ ತಾಗಿದಷ್ಟೂ ಕಲೆ ತೆಗೆಯುವುದು ಕಷ್ಟವಾಗುತ್ತದೆ. ಹಸಿಯಾಗಿದ್ದಾಗಲೇ ಅದನ್ನು ಇಳಿಸಿ, ನೀರು ತುಂಬುವ ದೊಡ್ಡ ಡ್ರಮ್ಮಿನಲ್ಲಿ ಹಂಡೆಯ ಕಾದ ನೀರು ಸುರಿದು, ಕೈ ಇಟ್ಟರೆ ತಡೆಯಲಾಗದಷ್ಟು, ಅಂದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಇರುವಾಗ ಸೋಪಿನ ದ್ರವ ಬೆರೆಸಿ ಕೌದಿಯನ್ನು ಮುಳುಗಿಸಿದೆವು. ಕೋಲಿನಿಂದ ಆಗಾಗ ಮಗುಚಿ, ನಾಲ್ಕೈದು ತಾಸು ಬಿಟ್ಟು, ಕೆಂಪಾದ ನೀರನ್ನು ಚೆಲ್ಲಿ ಮತ್ತೆ ಹೊಸ ಬಿಸಿನೀರು ಹಾಕಿದೆವು. ನೀರು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಬಿಟ್ಟ ಬಣ್ಣ ತೆಳುವಾದಷ್ಟೂ ಮರಳಿ ಬಟ್ಟೆಗೆ ಹತ್ತುವುದು ಕಡಿಮೆ. ಸೋಪು ಅದನ್ನು ನೀರಿನಲ್ಲಿಯೇ ಹಿಡಿದಿಡುತ್ತದೆ. ಮೊದಲ ನೀರು ಕುಂಕುಮ ಕದಡಿದಂತಿತ್ತು, ಮೂರನೆಯದು ರೂಹ್ ಅಫ್ಜಾ ಶರಬತ್ತಿನಂತೆ, ಆರನೆಯದನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ತಿಳಿಯಾಗಿತ್ತು. ಎರಡು ದಿನ ಹಿಡಿಯಿತು, ನೀರೂ ಧಾರಾಳವಾಗಿ ಖರ್ಚಾಯಿತು. ಆದರೆ ಗುಲಾಬಿ ಹೋಯಿತು.

ಈ ಉಪಾಯ ಪೂರ್ತಿ ಹತ್ತಿಯ ಕೌದಿಗೆ ಮಾತ್ರ ಎಂಬುದನ್ನು ಮರೆಯಬಾರದು. ಹಳೆಯ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತದೆ, ಅಂಥ ಸೆರಗನ್ನು ಕೌದಿಯ ನಡುವೆ ಕೂರಿಸುವುದು ನೋಡಲು ಬಹಳ ಚೆಂದ. ಆದರೆ ಅದನ್ನು ಕಾದ ನೀರಿನಲ್ಲಿ ಅದ್ದಿದರೆ ಹೊಳಪೂ ಹೋದೀತು, ಬಣ್ಣವೂ ಇನ್ನಷ್ಟು ಬಿಟ್ಟೀತು. ರೇಷ್ಮೆಯಿರುವ ಕೌದಿಯನ್ನು ತಣ್ಣೀರಿನಲ್ಲಿ ಬೇಗ ಜಾಲಿಸಿ ನೆರಳಿಗೆ ಹಾಕುವುದೇ ಸರಿ.

ಇಷ್ಟೆಲ್ಲ ಪಾಡು ಪಡುವ ಬದಲು ಹೊಲಿಯುವ ಮೊದಲೇ ಒಂದು ದಿನ ತೆಗೆದಿಟ್ಟರೆ ಸಾಕು. ಹೊಸ ಬಟ್ಟೆಯಿಂದ ಬೆರಳಿನಷ್ಟು ಚೂರು ಕತ್ತರಿಸಿ, ಅದರ ಜೊತೆ ಒಂದು ಬಿಳಿ ಹತ್ತಿಯ ಚೂರನ್ನು ಸುತ್ತಿ, ಲೋಟದ ಬಿಸಿ ಸೋಪಿನ ನೀರಿನಲ್ಲಿ ಅರ್ಧ ತಾಸು ಬಿಟ್ಟು, ಹಿಂಡಿ ನೋಡಬೇಕು. ಬಿಳಿ ಚೂರು ಬಿಳಿಯಾಗಿಯೇ ಉಳಿದರೆ ಹೆದರಬೇಕಾಗಿಲ್ಲ. ಅದಕ್ಕೂ ಬಣ್ಣ ಹತ್ತಿದರೆ ಇಡೀ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು, ಎಷ್ಟು ತೊಳೆದರೂ ನಿಲ್ಲದಿದ್ದರೆ ಆ ಬಟ್ಟೆಯನ್ನು ಬಿಳಿಯ ಪಕ್ಕಕ್ಕೆ ಹಾಕಲೇಬಾರದು. ಕೆಂಪು, ಮರೂನ್, ಕಪ್ಪು, ಕಡುನೀಲಿಗಳನ್ನು ಪರೀಕ್ಷಿಸದೆ ಬಳಸಬಾರದು. ಕೌದಿಯ ಮೇಲೆ ಎದ್ದು ಕಾಣಲೆಂದು ಹಾಕುವ ಬಣ್ಣದ ದಪ್ಪ ದಾರವನ್ನೂ ಹೀಗೆಯೇ ನೋಡಬೇಕು. ಬಟ್ಟೆ ಪಕ್ಕಾ ಇದ್ದು ದಾರ ಮೋಸ ಮಾಡಿದ ಕೌದಿಯನ್ನೂ ನಾನು ಕಂಡಿದ್ದೇನೆ.

ಈಗ ಕೌದಿ ಮನೆಯ ಹೊದಿಕೆಯಾಗಿ ಮಾತ್ರ ಉಳಿದಿಲ್ಲ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮೇಳಗಳಲ್ಲಿ ಅದನ್ನು ಮಾರುತ್ತಿದ್ದಾರೆ, ದೂರದ ಊರುಗಳಿಂದ ಬೇಡಿಕೆ ಬರುತ್ತಿದೆ. ಅವರಿಗೆ ಹೊಲಿಗೆ, ವಿನ್ಯಾಸಗಳ ತರಬೇತಿ ಕೊಡುವವರು ಬಟ್ಟೆಯನ್ನು ಪರೀಕ್ಷಿಸಿ ತೊಳೆಯುವುದನ್ನೂ ಮೊದಲ ಪಾಠವಾಗಿ ಸೇರಿಸಬೇಕೆಂದು ನನ್ನ ಕೋರಿಕೆ. ಬಟ್ಟೆ ಅಂಗಡಿಯವರು ಬಣ್ಣ ಬಿಡುವ ಬಟ್ಟೆಯನ್ನು ಮಾರುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು. ಹೊಲಿಸುವ ನಮ್ಮಂಥವರು ಬಟ್ಟೆಯನ್ನು ತೊಳೆದೇ ಕೊಡಬೇಕು, ಅದಾಗದಿದ್ದರೆ ತೊಳೆಯುವ ಆ ಒಂದು ದಿನದ ಕೂಲಿಯನ್ನೂ ಸೇರಿಸಿ ಲೆಕ್ಕ ಕೊಡಬೇಕು. ನಮ್ಮ ಕೌದಿ ಹೊಲಿದವಳಿಗೆ ನಾನು ಆ ಕೂಲಿ ಕೊಟ್ಟಿರಲಿಲ್ಲ, ಕೇಳಲು ಆಕೆಗೂ ತೋಚಿರಲಿಲ್ಲ. ಕೌದಿ ತಿಳಿಯಾದ ಮೇಲೆ ಆಕೆಯ ಮನೆಗೆ ಹೋಗಿ ಆಡಿದ ಮಾತಿಗೆ ಕ್ಷಮೆ ಕೇಳಿ ಬಂದೆ. ಒಂದು ಮೂಲೆಯ ಚೌಕದಲ್ಲಿ ಮಾತ್ರ ಇನ್ನೂ ತೆಳುವಾದ ಗುಲಾಬಿ ಇದೆ. ನೆನೆಹಾಕಿದ ಮೊದಲ ರಾತ್ರಿ ಆ ಮೂಲೆ ನೀರಿನಿಂದ ಹೊರಗೆ ಉಳಿದು, ಬತ್ತಿ ಎಣ್ಣೆ ಹೀರುವಂತೆ ಕೆಂಪು ನೀರನ್ನು ಮೇಲಕ್ಕೆ ಎಳೆದುಕೊಂಡಿತ್ತು. ಆದ್ದರಿಂದ ನೆನೆಹಾಕುವವರು ಕೌದಿಯ ಮೇಲೆ ತಟ್ಟೆಯೊಂದನ್ನು ಮಗುಚಿ ಕಲ್ಲು ಹೇರುವುದನ್ನು ಮರೆಯಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ನವನಗರ, ಬಾಗಲಕೋಟೆ