ಹಳೆಯದಕ್ಕೆ ಐರಿಷ್‌ನಲ್ಲಿ ‘ಶನ್’

ಗಾಲ್ವೇ, ಐರ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆಯೆಂದು ತಪ್ಪದೆ ತಿಳಿಸಿರಿ.

ಸಂಜೆಯ ಐರಿಷ್ ತರಗತಿಯಲ್ಲಿ ಈ ವಾರ ಕಲಿತ ಒಂದು ಗುಣವಾಚಕದ ಸಂಗತಿಯನ್ನು ನಿಮಗೆ ಹೇಳದೆ ಇರಲಾರೆ. ಆ ಪದ ‘ಶನ್’; ಹಳೆಯ, ವಯಸ್ಸಾದ ಎಂದು ಅರ್ಥ. ಐರಿಷ್, ವೆಲ್ಷ್ ಮೊದಲಾದ ಭಾಷೆಗಳ ತಾಯಿನುಡಿಯಾದ ಕೆಲ್ಟಿಕ್‌ನಲ್ಲಿ ಇದರ ಮೂಲರೂಪ ‘ಸೆನೊಸ್’. ಲ್ಯಾಟಿನ್ನಿನ ‘ಸೆನೆಕ್ಸ್’, ಲಿಥುವೇನಿಯನ್ನಿನ ‘ಸೆನಸ್’, ಋಗ್ವೇದದ ‘ಸನ’ ಎಲ್ಲವೂ ಅದರ ದಾಯಾದಿಗಳೇ. ನಮ್ಮ ‘ಸನಾತನ’ದ ಮೊದಲ ಭಾಗವೂ ಅದೇ. ವೆಲ್ಷ್ ಭಾಷೆಯಲ್ಲಿ ಮಾತ್ರ ಸಕಾರ ಹಕಾರವಾಗಿ ‘ಹೇನ್’ ಆಗಿದೆ. ನಮ್ಮ ‘ಪೞೆಯ’ ‘ಹಳೆಯ’ ಆದದ್ದು ನೆನಪಾಗಿ ನಗು ಬಂತು.

ಐರಿಷ್‌ನಲ್ಲಿ ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ದೊಡ್ಡ ಮನೆಗೆ ‘ತ್ಯಾಖ್ ಮೋರ್’, ಅಂದರೆ ‘ಮನೆ ದೊಡ್ಡ’ ಎನ್ನುತ್ತಾರೆ. ‘ಶನ್’ ಮಾತ್ರ ನಮ್ಮಲ್ಲಿಯಂತೆ ಮುಂದೆ ನಿಂತು ನಾಮಪದದೊಡನೆ ಸಮಾಸವಾಗುತ್ತದೆ, ಆಗ ಉತ್ತರಪದದ ಮೊದಲ ವ್ಯಂಜನ ಮೆತ್ತಗಾಗುತ್ತದೆ. ‘ಬ್ಯಾನ್’ ಹೆಂಗಸಾದರೆ ಮುದುಕಿ ‘ಶನ್‌ವ್ಯಾನ್’. ‘ಮಾಹಿರ್’ ತಾಯಿಯಾದರೆ ಅಜ್ಜಿ ‘ಶನ್‌ವಾಹಿರ್’. ಗಾದೆಯೆಂದರೆ ಇವರಿಗೆ ಹಳೆಯ ಮಾತು: ಮಾತು ಎಂಬರ್ಥದ ‘ಫೊಕಲ್’ ತನ್ನ ಫಕಾರವನ್ನೇ ಕಳೆದುಕೊಂಡು ‘ಶನೊಕಲ್’ ಆಗುತ್ತದೆ. ಈ ಮೆತ್ತಗಾಗುವುದನ್ನು ಬರವಣಿಗೆಯಲ್ಲಿ ಹೇಗೆ ಗುರುತಿಸುತ್ತಾರೆಂದು ತೋರಿಸಲು ನಮ್ಮ ಮೇಡಂ ಹಲಗೆಯ ಮೇಲೆ ‘ಬಿ’ ಅಕ್ಷರ ಬರೆದು, ಹಿಂದಿನ ಲಿಪಿಯ ಪದ್ಧತಿಯಂತೆ ಅದರ ತಲೆಯ ಮೇಲೊಂದು ಚುಕ್ಕಿಯಿಟ್ಟರು; ಆಮೇಲೆ ಚುಕ್ಕಿಯನ್ನು ಒರೆಸಿ, ಈಗಿನ ರೂಢಿಯಂತೆ ಪಕ್ಕದಲ್ಲಿ ‘ಎಚ್’ ಸೇರಿಸಿದರು. ನನ್ನ ಕಣ್ಣಿಗೆ ಕಂಡದ್ದು ನೀವು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ‘ಹಳೆ + ಕನ್ನಡ = ಹಳೆಗನ್ನಡ’. ಕಾರಣವೂ ಹೆಚ್ಚುಕಡಿಮೆ ಒಂದೇ ಅಪ್ಪಾ: ಪುರಾತನ ಸಮಾಸಗಳಲ್ಲಿ ಪೂರ್ವಪದ ‘ಸೆನೊ’ ಎಂದು ಸ್ವರಾಂತವಾಗಿದ್ದುದರಿಂದ, ಎರಡು ಸ್ವರಗಳ ನಡುವೆ ಸಿಕ್ಕ ವ್ಯಂಜನ ಸಡಿಲಗೊಂಡಿತು, ಮುಂದೆ ಆ ಸ್ವರ ಬಿದ್ದುಹೋದರೂ ಸಡಿಲ ಉಳಿಯಿತು. ದ, ತ, ಸ ಮಾತ್ರ ಬದಲಾಗುವುದಿಲ್ಲ, ಏಕೆಂದರೆ ನಕಾರಕ್ಕೂ ಅವಕ್ಕೂ ನಾಲಿಗೆ ತಾಗುವ ಜಾಗ ಒಂದೇ. ಹಾಗಾಗಿ ಹಳೆಮನೆ ‘ಶನ್‌ತ್ಯಾಖ್’ ಆಗಿಯೇ ಇರುತ್ತದೆ.

ಉಳಿದ ರೂಪಗಳು ಕೆಲವೇ. ಬಹುವಚನ ‘ಶನ’, ಸ್ತ್ರೀಲಿಂಗದ ಷಷ್ಠಿ ಏಕವಚನ ‘ಶಿನೆ’. ಹೋಲಿಕೆಗೂ ಈ ‘ಶಿನೆ’ಯೇ: ‘ನೀಸ್ ಶಿನೆ’ ಎಂದರೆ ಇನ್ನೂ ಹಿರಿಯ, ‘ಇಸ್ ಶಿನೆ’ ಎಂದರೆ ಎಲ್ಲರಿಗಿಂತ ಹಿರಿಯ. ನಮ್ಮನೆಯಲ್ಲಿ ಆ ಪಟ್ಟ ಅಕ್ಕನದು, ಅವಳಿಗೆ ಹೇಳಿರಿ.

ಕನ್ನಡದ ಉದಾಹರಣೆಯನ್ನು ತರಗತಿಗೆ ವಿವರಿಸಲು ಮೇಡಂ ಕೇಳಿದ್ದಾರೆ. ಆದೇಶಸಂಧಿಗೆ ಕೇಶಿರಾಜನ ಸೂತ್ರವನ್ನು ನಿಮ್ಮ ಕೈಬರಹದಲ್ಲೇ ಬರೆದು ಕಳುಹಿಸಿರಿ.

ಇತಿ ನಿಮ್ಮ ಪ್ರೀತಿಯ ಮಗಳು