ಅಡಿಕೆ ಕೊನೆಕೊಯ್ಲು ಆಮೇಲೆ, ಕಾಲು ಮೊದಲು

ಬ್ರೆಮೆನ್, ಭಾನುವಾರ

ಆಯಿಗೆ ನಮಸ್ಕಾರ.

ನಾನು ಆರಾಮ ಇದ್ದೇನೆ. ನೀವೆಲ್ಲ ಆರಾಮ ಅಂದುಕೊಂಡಿದ್ದೆ, ಅಷ್ಟರಲ್ಲಿ ವಿನಯನ ಕಾಗದ ಬಂತು. ಅಪ್ಪನ ಹಿಮ್ಮಡಿಯ ಗಾಯ ದೀಪಾವಳಿಗೂ ಮೊದಲಿನದಂತೆ! ಫೋನ್ ಮಾಡಿದಾಗೆಲ್ಲ ನೀನು ಮಳೆ, ಅಡಿಕೆ ರೇಟು ಎಲ್ಲ ಹೇಳಿದೆ. ಇದೊಂದು ಮಾತ್ರ ಹೇಳಲಿಲ್ಲ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಅದನ್ನೇ ಯೋಚಿಸುತ್ತಾ ನಿದ್ದೆಗೆಡುತ್ತೀ. ಲ್ಯಾಬಿನ ಕೆಮಿಕಲ್‌ನಿಂದ ನನಗೇನೂ ಆಗುವುದಿಲ್ಲ. ಗಾಳಿ ಎಳೆದುಕೊಳ್ಳುವ ಗಾಜಿನ ಗೂಡಿನೊಳಗೇ ಕೆಲಸ. ಗ್ಲೌಸು, ಕನ್ನಡಕ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ರಾತ್ರಿ ಒಬ್ಬಳೇ ಇರುವುದಿಲ್ಲ. ಊಟ ಸರಿಯಾಗಿ ಮಾಡುತ್ತೇನೆ. ನೆಗಡಿಯೂ ಇಲ್ಲ.

ಕೆಸರು ನೋಡಲು ಜರ್ಮನಿಗೇ ಹೋಗಬೇಕಾ, ನಮ್ಮ ಗದ್ದೆಯಲ್ಲಿ ಇಲ್ವಾ ಅಂತ ಅಪ್ಪ ನಕ್ಕನಂತೆ. ಇದು ಪೋರ್ಚುಗಲ್ ಎದುರಿನ ಸಮುದ್ರತಳದ ಕೆಸರು ಅಂತ ಹೇಳು. ಅಲ್ಲಿನ ನೀರಿನ ಮೇಲ್ಪದರದಲ್ಲಿ ಎಮಿಲಿಯಾನಿಯಾ ಹಕ್ಸ್ಲೆಯಿ ಅನ್ನುವ, ಕಣ್ಣಿಗೆ ಕಾಣದ ಪಾಚಿ ಇದೆ. ಮೈಮೇಲೆಲ್ಲ ಸಣ್ಣ ಬಿಲ್ಲೆಗಳು. ನಮ್ಮೂರಲ್ಲಿ ಸುಣ್ಣಕ್ಕೆ ಸುಡುವ ಚಿಪ್ಪಿ ಯಾವುದರಿಂದ ಆಗಿದೆಯೋ ಅದರದ್ದೇ. ಈ ಪಾಚಿ ಆಲ್ಕಿನೋನ್ ಅನ್ನುವ, 37 ಕಾರ್ಬನ್‌ಗಳ ಉದ್ದನೆಯ ಜಿಡ್ಡು ಮಾಡುತ್ತದೆ. ನೀರು ತಣ್ಣಗಿದ್ದರೆ ಅದರಲ್ಲಿ ಮೂರು ಡಬಲ್ ಬಾಂಡ್ ಇರುವುದು ಜಾಸ್ತಿ, ಬೆಚ್ಚಗಿದ್ದರೆ ಎರಡು ಇರುವುದು ಜಾಸ್ತಿ. ಡಬಲ್ ಬಾಂಡ್ ಅಂದರೆ ಎರಡು ಕಾರ್ಬನ್ ನಡುವಿನ ಜೋಡಿ ಕೊಂಡಿ, ಉಳಿದದ್ದು ವಿನಯನನ್ನು ಕೇಳು, ಪಿಯುಸಿಯಲ್ಲಿ ಓದಿದ್ದಾನಲ್ಲ. ಪಾಚಿ ಸತ್ತು ತಳ ಸೇರಿದರೂ ಈ ಜಿಡ್ಡು ಲಕ್ಷಗಟ್ಟಲೆ ವರ್ಷ ಕೆಸರಿನಲ್ಲಿ ಉಳಿಯುತ್ತದೆ.

ನಾನು ಅದನ್ನು ಬೇರ್ಪಡಿಸಿ ಮೆಷಿನ್ನಿಗೆ ಬಿಡುತ್ತೇನೆ. ಪರದೆಯ ಮೇಲೆ ಎರಡು ಮೊನೆ ಪಕ್ಕಪಕ್ಕದಲ್ಲೇ ಏಳುತ್ತವೆ, ಮೊದಲು ಮೂರು ಡಬಲ್ ಬಾಂಡಿನದ್ದು, ಹಿಂದೆಯೇ ಎರಡರದ್ದು. ಎರಡೂ ಸೇರಿದ್ದರಲ್ಲಿ ಎರಡರದ್ದರ ಪಾಲು 0.72 ಬಂದರೆ, ಆ ಕಾಲದ ನೀರು ಸುಮಾರು 20 ಡಿಗ್ರಿ. ಇದರಿಂದ ಹಳೆಯ ಹವಾಮಾನ ಓದಬಹುದು ಅಂತ 1986ರಲ್ಲಿ ಬ್ರಾಸೆಲ್, ಎಗ್ಲಿಂಟನ್ ಮತ್ತು ಜೊತೆಯವರು ತೋರಿಸಿದರು. ಹಿಮಯುಗದಲ್ಲಿ ಕೆಲವು ಸಲ ಉತ್ತರದ ಮಂಜುಗಡ್ಡೆ ಪೋರ್ಚುಗಲ್ ತನಕ ತೇಲಿ ಬಂದಿತ್ತು. ಆ ಪದರದ ಕೆಸರಿನಲ್ಲಿ ಮೂರರ ಮೊನೆ ಎದ್ದು ನಿಲ್ಲುವುದನ್ನು ನೋಡಬೇಕು ನೀನು!

ನಮ್ಮ ಕುಮಟಾ ಸಮುದ್ರಕ್ಕೆ ಮಾತ್ರ ಈ ಲೆಕ್ಕ ಕಷ್ಟ. ನೀರು 28 ಡಿಗ್ರಿ ದಾಟಿತೆಂದರೆ ಮೂರರದ್ದು ಹೆಚ್ಚುಕಡಿಮೆ ಇಲ್ಲವೇ ಆಗುತ್ತದೆ, ಅಲ್ಲಿಂದ ಮೇಲೆ ಎಷ್ಟು ಬಿಸಿ ಅಂತ ಹೇಳಲು ಬರುವುದಿಲ್ಲ. ಇಲ್ಲಿಯವರಿಗೆ ಹೇಳುವಾಗ ನನಗೆ ಸುಮ್ನೆ ಒಂಥರಾ ಜಂಬ.

ಕೆಸರಿನ ಕೊಳವೆಗಳನ್ನು 4 ಡಿಗ್ರಿ ಗೋದಾಮಿನಲ್ಲಿ ಇಡುತ್ತಾರೆ, ಒಟ್ಟು ನೂರು ಕಿಲೋಮೀಟರಿಗೂ ಜಾಸ್ತಿ ಉದ್ದ. ಕೆಸರಿಗೆ ಅಷ್ಟು ಮರ್ಯಾದೆ. ಖಾಲಿ ಪ್ಲಾಸ್ಟಿಕ್ ಬಾಟಲಿಗೂ ಇದೆ, ಅಂಗಡಿಯ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್. ಪ್ರೊಫೆಸರೂ ಚೀಲ ತುಂಬಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ!

ಈಗ ಅಪ್ಪನ ವಿಷಯ. "ನೋವೇ ಇಲ್ಲ, ಕೊನೆಕೊಯ್ಲು ಮುಗಿಯಲಿ" ಅಂತಾನಂತೆ. ಆಯಿ, ನೋವಿಲ್ಲ ಅಂದದ್ದೇ ನನಗೆ ಹೆದರಿಕೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಜಡ ಆಗುತ್ತದೆ. ಗಾಯ ಒಳಗೊಳಗೇ ದೊಡ್ಡದಾದರೂ ಗೊತ್ತಾಗುವುದಿಲ್ಲ. ಸುತ್ತ ಕಪ್ಪಗಾಗಿದೆ ಅಂತ ಬೇರೆ ವಿನಯ ಬರೆದಿದ್ದಾನೆ. ಅರಿಶಿನ ಎಣ್ಣೆ ಸಾಕು ಮಾಡು. ಬ್ಲೇಡಿನಲ್ಲಿ ಒಣಚರ್ಮ ಕೆರೆಯಲು ಬಿಡಬೇಡ. ಬರಿಗಾಲಲ್ಲಿ ತೋಟಕ್ಕೆ ಹೋಗಲೇಬಾರದು. ನಾಳೆಯೇ ಡಾಕ್ಟರಿಗೆ ತೋರಿಸಿ, ಸಕ್ಕರೆಯನ್ನೂ ನೋಡಿಸಿ. ಇವತ್ತೇ ಜ್ವರ ಬಂದರೆ, ಕಾಲು ಕೆಂಪಾಗಿ ಬಾತರೆ, ನಾಳೆಗೂ ಕಾಯಬೇಡಿ. ಅಡಿಕೆ ಎರಡು ವಾರ ತಡವಾದರೆ ಮುಳುಗುವುದೇನೂ ಇಲ್ಲ. ಕೊಯ್ಯುವವರು ಸಿಗದಿದ್ದರೆ ಗುತ್ತಿಗೆ ಕೊಟ್ಟುಬಿಡಿ, ನಷ್ಟ ಆದರೆ ಆಗಲಿ. ದುಡ್ಡು ನಿನ್ನೆಯೇ ವಿನಯನ ಖಾತೆಗೆ ಹಾಕಿದ್ದೇನೆ. ನನಗೆ ಕಡಿಮೆ ಬೀಳುವುದಿಲ್ಲ, ನಿಜವಾಗಿಯೂ ಇಲ್ಲ, ತಿಂಗಳ ಕೊನೆಗೆ ಮಿಗುತ್ತದೆ.

ಅಪ್ಪ ಬೈದರೆ ನನ್ನ ಹೆಸರು ಹೇಳು.

ಆರರ ಟ್ರಾಮಿಗೆ ಹೊತ್ತಾಯಿತು, ಮೆಷಿನ್ನಿಗೆ ಸ್ಯಾಂಪಲ್ ಇಟ್ಟು ಬರಬೇಕು. ಭಾನುವಾರ ಅಂತ ಬೇಜಾರಾಗಬೇಡ, ಹತ್ತು ನಿಮಿಷದ ಕೆಲಸ. ಅಜ್ಜಿಗೆ ನಮಸ್ಕಾರ. ವಿನಯಾ, ಡಾಕ್ಟರ್ ಚೀಟಿಯ ಫೋಟೊ ನಾಳೆ ಸಂಜೆಯೊಳಗೆ ಕಳಿಸು, ಮರೆಯಬೇಡ.

ನಿನ್ನ
ಸುಮಾ