‘ನೈಸ್’ ಎಂದರೆ ಬರೀ ಚೆಂದವಲ್ಲ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಅನುವಾದದ ಹಾಳೆಗಳು ಸಲೀಸಾಗಿ ಓದಿಸಿಕೊಳ್ಳುತ್ತವೆ. ಒಂದು ಕಡೆ ಮಾತ್ರ ‘ಎ ನೈಸ್ ಡಿಸ್ಟಿಂಕ್ಷನ್’ ಎಂಬುದನ್ನು ‘ಸೊಗಸಾದ ವ್ಯತ್ಯಾಸ’ ಮಾಡಿದ್ದೀಯ. ಅದು ‘ಕೂದಲೆಳೆಯಷ್ಟು ವ್ಯತ್ಯಾಸ’ ಆಗಬೇಕು. ಎಡವುವುದು ಸಹಜ ಬಿಡು. ಇಂಗ್ಲಿಷಿನಲ್ಲಿ ಈ ‘ನೈಸ್’ನಷ್ಟು ಬಣ್ಣ ಬದಲಿಸಿದ ಗುಣವಾಚಕಗಳು ಕಡಿಮೆ.

ಇದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿಯುವುದು. ಒಟ್ಟಿಗೆ, ಏನೂ ತಿಳಿಯದವನು. ‘ಸೈನ್ಸ್’ ಹುಟ್ಟಿದ್ದೂ ಇದೇ ಸ್ಕೀರೆಯಿಂದ! ನಮ್ಮ ‘ಅಜ್ಞ’ನ ಕಟ್ಟಡವೂ ಹೀಗೇ ಇದೆ, ಆದರೆ ಎರಡನ್ನೂ ಒಂದೇ ಬೇರಿಗೆ ಕಟ್ಟಬೇಡ. ‘ಜ್ಞಾ’ ಧಾತುವಿನ ನಂಟರು ಇಂಗ್ಲಿಷಿನ ‘ನೋ’ (know, ತಿಳಿ), ‘ಇಗ್ನೊರೆಂಟ್’. ಸ್ಕೀರೆಯ ಮನೆತನವೇ ಬೇರೆ. ಅರ್ಥ ಹೊಂದಿದ ಮಾತ್ರಕ್ಕೆ ಬೇರು ಒಂದೇ ಎಂದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು.

ಹಳೆಯ ಫ್ರೆಂಚಿನಲ್ಲಿ ಪದ ಸವೆದು ‘ಪೆದ್ದ’ ಎಂಬರ್ಥದಲ್ಲಿ ನಿಂತಿತು. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದೂ ಅದೇ ಅರ್ಥದಲ್ಲಿ. ಆಮೇಲಿನ ನಡಿಗೆ ನೇರವಲ್ಲ. ಅಳುಕು, ನಾಚಿಕೆ, ನಾಜೂಕು, ಪ್ರತಿಯೊಂದನ್ನೂ ಹೆಕ್ಕಿ ನೋಡುವ ಸ್ವಭಾವ, ಅದರಿಂದ ನಿಖರತೆ, ಸೂಕ್ಷ್ಮ. ‘ಹಿತವಾದ, ಒಳ್ಳೆಯ’ ಎಂಬ ಇಂದಿನ ಅರ್ಥ ನೆಲೆಯೂರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಒಂದು ಅರ್ಥ ಸತ್ತ ಮೇಲೆ ಇನ್ನೊಂದು ಹುಟ್ಟಿತು ಎಂದಲ್ಲ, ಮೂರು ನಾಲ್ಕು ಅರ್ಥಗಳು ಒಂದೇ ಕಾಲದಲ್ಲಿ ಓಡಾಡುತ್ತಿದ್ದವು. ತೊಂದರೆ ಇರುವುದೇ ಅಲ್ಲಿ.

ದಡ್ಡತನದಿಂದ ಚೆಲುವಿಗೆ ಹೋಗುವುದು ವಿಚಿತ್ರವೆನಿಸಿದರೆ ‘ಮುಗ್ಧ’ವನ್ನು ನೋಡು. ಮುಗ್ಧ, ಮೂಢ ಎರಡೂ ‘ಮುಹ್’ ಧಾತುವಿನ ಮಕ್ಕಳು. ಒಬ್ಬ ಬೈಗುಳವಾಗಿ ಉಳಿದ, ಇನ್ನೊಬ್ಬ ಮೆಚ್ಚುಗೆಯಾದ.

ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ನಳ ಕಾದಂಬರಿ ‘ನಾರ್ಥ್ಯಾಂಗರ್ ಅಬೆ’ 1817ರ ಕೊನೆಯಲ್ಲಿ ಅಚ್ಚಾಯಿತು. ಅದರ ನಾಯಕಿ ಕ್ಯಾಥರೀನ್ ಇನ್ನೊಂದು ಕಾದಂಬರಿಯನ್ನು ‘ನೈಸೆಸ್ಟ್’ ಎಂದು ಹೊಗಳಿದಾಗ ಹೆನ್ರಿ ಟಿಲ್ನಿ, ಹಾಗಾದರೆ ಅದು ಪುಸ್ತಕದ ಬೈಂಡಿಂಗನ್ನು ಅವಲಂಬಿಸಿದ್ದು ಎಂದು ಕಾಲೆಳೆಯುತ್ತಾನೆ. ಅವನು ಹಿಡಿದದ್ದು ‘ಅಚ್ಚುಕಟ್ಟು’ ಎಂಬ ಅರ್ಥ, ಅವಳದು ‘ತುಂಬ ಚೆನ್ನಾಗಿದೆ’ ಎಂಬುದು. ಇಲ್ಲಿ ಎರಡು ಕಡೆಗೆ ಬೇರೆ ಬೇರೆ ಕನ್ನಡ ಪದ ಹಾಕಿದರೆ ಹಾಸ್ಯ ಹೋಯಿತು. ‘ಅಚ್ಚುಕಟ್ಟಾದ ಪುಸ್ತಕ’ ಎಂದು ಅವಳ ಬಾಯಲ್ಲೇ ಹೇಳಿಸಿದರೆ ಉಳಿಯಬಹುದು.

ಕೆಲಸಕ್ಕೆ ಕೂತಾಗ ಮೊದಲು ಬರಹದ ಇಸವಿ ನೋಡು. 1750ಕ್ಕಿಂತ ಹಿಂದಿನದಾದರೆ ‘ಒಳ್ಳೆಯ’ ಎಂಬುದನ್ನು ಕೊನೆಯ ಆಯ್ಕೆಯಾಗಿಡು. ಆಮೇಲೆ ಪಕ್ಕದ ನಾಮಪದ: ಪಾಯಿಂಟ್, ಡಿಸ್ಟಿಂಕ್ಷನ್, ಜಡ್ಜ್‌ಮೆಂಟ್ ಇದ್ದರೆ ಇಂದಿಗೂ ಸೂಕ್ಷ್ಮವೇ. ಊಟ, ಹವೆ, ಮನುಷ್ಯರಾದರೆ ಹಿತ, ಆದರೆ ಹಳೆಯ ಬರಹದಲ್ಲಿ ಊಟದ ವಿಷಯದಲ್ಲಿ ‘ನೈಸ್’ ಆದವನು ಒಳ್ಳೆಯವನಲ್ಲ, ತಟ್ಟೆಯಲ್ಲಿ ಕೊಂಕು ಹುಡುಕುವವನು. ‘ನೈಸ್ ಅಂಡ್ ವಾರ್ಮ್’ ಬಂದಾಗ ನೈಸನ್ನು ಬೇರೆಯಾಗಿ ಅನುವಾದಿಸಬೇಡ. ‘ಹದವಾಗಿ ಬೆಚ್ಚಗಿದೆ’ ಸಾಕು. ‘ಎ ನೈಸ್ ಮೆಸ್’ ವ್ಯಂಗ್ಯ, ಅಲ್ಲಿ ‘ಒಳ್ಳೆ ಫಜೀತಿ’ ಸರಿಹೋಗುತ್ತದೆ. ಇನ್ನೂ ಅನುಮಾನ ಉಳಿದರೆ ಚಿಕ್ಕ ನಿಘಂಟು ನಂಬಬೇಡ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನಲ್ಲಿ ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಉದಾಹರಣೆಗಳಿರುತ್ತವೆ, ನಿನ್ನ ಲೇಖಕನ ಆಸುಪಾಸಿನ ವರ್ಷದ್ದನ್ನು ಓದು.

ನಮ್ಮ ಅಡುಗೆಮನೆಯ ನೈಸು ಹಳೆಯ ಇಂಗ್ಲಿಷಿಗೇ ಹತ್ತಿರ ಎಂಬುದು ನನಗೆ ಮೋಜಿನ ಸಂಗತಿ. ‘ಹಿಟ್ಟು ನೈಸಾಗಿ ರುಬ್ಬು’ ಎಂದಾಗ ನುಣುಪು, ಸೂಕ್ಷ್ಮ. ‘ನೈಸಾಗಿ ಜಾರಿಕೊಂಡ’ ಎಂದಾಗ ಜಾಣತನ, ಅಂದರೆ ಮೂಲದ ಪೆದ್ದನಿಗೆ ತದ್ವಿರುದ್ಧ. ಈ ಕನ್ನಡದ ನೈಸನ್ನು ಮಾತ್ರ ಇಂಗ್ಲಿಷಿಗೆ ಮರಳಿಸುವಾಗ ಹಾಗೆಯೇ ಬರೆಯಬೇಡ. ಫ್ರಾನ್ಸಿನ ಊರು ‘ನೀಸ್’ ಇದಕ್ಕೆ ಸಂಬಂಧಪಟ್ಟದ್ದಲ್ಲ, ಅದರ ಮೂಲ ಗ್ರೀಕರ ‘ನಿಕಾಯ’.

ಮುಂದಿನ ಅಧ್ಯಾಯದಲ್ಲಿ ‘ಸಿಲ್ಲಿ’ ಇದೆ ಅಲ್ಲವೇ? ಅದು ಎದುರು ದಿಕ್ಕಿಗೆ ನಡೆದ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ಸುಖಿ, ಧನ್ಯ ಎಂದರ್ಥವಿತ್ತು. ಅಲ್ಲಿಗೆ ಬಂದಾಗ ಇಸವಿ ನೋಡಿಕೊಂಡೇ ಕೈ ಹಾಕು. ತಿದ್ದಿದ ಹಾಳೆಗಳನ್ನು ಕಳಿಸು.

ಇತಿ,
ನಿನ್ನ ದೊಡ್ಡಪ್ಪ